ಗುಂಪು ಸೇರಿತು, ಕೈ ಹಚ್ಚುವವರಿರಲಿಲ್ಲ

ಮಾನ್ಯರೆ,

ವಿಜಯಪುರದ ಗಾಂಧಿ ಚೌಕ್ ಹತ್ತಿರ ಈಚೆಗೆ ಬೈಕ್ ತಾಗಿ ಅಜ್ಜರೊಬ್ಬರು ಬಿದ್ದರು. ನೋಡನೋಡುತ್ತಲೇ ಜನ ಸುತ್ತುಗಟ್ಟಿದರು, ಮೊಬೈಲ್‌ಗಳು ಮೇಲೆದ್ದವು. ಅಜ್ಜನ ಪಟಕಾ ರಸ್ತೆಯಲ್ಲಿ, ಮೊಣಕೈಯಲ್ಲಿ ರಕ್ತ. ಕೊನೆಗೆ ಕಾಯಿಪಲ್ಯೆ ಮಾರುವ ಅಕ್ಕ ಓಡಿ ಬಂದು ಹಿಡಿದೆತ್ತಿದರು. ಆಮೇಲೆ ನಾಲ್ಕು ಜನ ತಾವಾಗೇ ಕೈ ಹಚ್ಚಿದರು!

ಸುಮ್ನೆ ನೋಡುತ್ತ ನಿಂತವರೇನೂ ಕೆಟ್ಟವರಲ್ಲ. 'ಯಾರಾದರೂ ಮಾಡ್ತಾರೆ' ಎಂದು ಎಲ್ಲರೂ ಕಾಯುತ್ತಾರೆ, ಅಲ್ವಾ? ಅಮೆರಿಕದ ಮನೋವಿಜ್ಞಾನಿಗಳಾದ ಲಟಾನೆ ಮತ್ತು ಡಾರ್ಲಿ 1968ರಲ್ಲಿ ಇದನ್ನೇ ತೋರಿಸಿದರು. ಕೋಣೆಯೊಳಗೆ ಹೊಗೆ ಬಿಟ್ಟರು. ಒಬ್ಬರೇ ಕೂತಿದ್ದಾಗ ಶೇ 75ರಷ್ಟು ಮಂದಿ ಎದ್ದು ಹೋಗಿ ತಿಳಿಸಿದರು. ಸಂಶೋಧಕರೇ ಪಕ್ಕದಲ್ಲಿ ಕೂರಿಸಿದ್ದ ಇಬ್ಬರು ಬೇಕೆಂದೇ ಸುಮ್ನೆ ಕೂತಾಗ ಹಾಗೆ ಮಾಡಿದವರು ಬರೀ ಶೇ 10.

ನಮ್ಮಲ್ಲಿ ಪೊಲೀಸ್ ಕೇಸಿನ ಭಯವೂ ಜಾಸ್ತಿ. ಆದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳುವಂತೆ ಅವರನ್ನು ಒತ್ತಾಯಿಸುವಂತಿಲ್ಲ.

ಗುಂಪಿನಲ್ಲಿ ಒಬ್ಬರನ್ನೇ ನೋಡಿ, 'ನೀಲಿ ಅಂಗಿ ಅಣ್ಣಾರೆ, 108ಕ್ಕೆ ಫೋನ್ ಹಚ್ಚಿ' ಎನ್ನಬೇಕು. ಆಗ ಆ ಕೆಲಸ ಅವರದಾಗುತ್ತದೆ. ಜಿಲ್ಲಾಡಳಿತ ಇದನ್ನು ಕಾಲೇಜು, ಆಟೊ ನಿಲ್ದಾಣಗಳಲ್ಲಿ ಕಲಿಸಲಿ.

– ಒಬ್ಬ ಓದುಗ, ವಿಜಯಪುರ