ಸಹಾರಾ ಎಂದರೆ ಮರಳಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಮರುಭೂಮಿಗಳ ಕುರಿತು ಪ್ರಕಟವಾಗುವ ಬರಹಗಳು ಸಹಾರಾವನ್ನು ಬರಿಯ ಮರಳುದಿಬ್ಬಗಳ ನಾಡೆಂದು ಚಿತ್ರಿಸುತ್ತಿರುವುದರಿಂದ, ಉತ್ತರ ಚಾಡ್‌ನ ಟಿಬೆಸ್ತಿ ಪರ್ವತಸ್ತೋಮದತ್ತ ಓದುಗರ ಗಮನ ಸೆಳೆಯಬಯಸುತ್ತೇನೆ. ಜ್ವಾಲಾಮುಖಿಗಳಿಂದ ರೂಪುಗೊಂಡ ಈ ಸ್ತೋಮದ ಎಮಿ ಕೌಸಿ ಶಿಖರ 3,415 ಮೀಟರ್ ಎತ್ತರವಿದ್ದು, ಇಡೀ ಸಹಾರಾದಲ್ಲೇ ಅತ್ಯುನ್ನತವಾದುದು. ಅದರ ನೆತ್ತಿಯ ಕುಳಿಯೇ 10 ಕಿ.ಮೀ.ಗೂ ಹೆಚ್ಚು ಅಗಲವಿದೆ.

ಎತ್ತರ ಹೆಚ್ಚಿದಂತೆ ತಾಪಮಾನ ತಗ್ಗಿ, ಸುತ್ತಲಿನ ಬಯಲಿಗಿಂತ ತುಸು ಹೆಚ್ಚು ಮಳೆ ಸಿಗುವುದರಿಂದ ಇಲ್ಲಿನ ಸಸ್ಯಜೀವನ ಅಚ್ಚರಿ ಹುಟ್ಟಿಸುತ್ತದೆ. ಮಳೆ ಬಿದ್ದಾಗ ಮಾತ್ರ ಹರಿಯುವ ಕಣಿವೆಗಳಲ್ಲಿ ಜಾಲಿಯ ಜಾತಿಯ ಮರಗಳು, ಕವಲೊಡೆಯುವ ಡೌಮ್ ತಾಳೆ ಹಾಗೂ ನೆಲದಡಿಯ ತೇವವನ್ನು ಬೇರುಗಳಿಂದ ಹುಡುಕಿಕೊಳ್ಳುವ ಟ್ಯಾಮರಿಸ್ಕ್ ಬೆಳೆಯುತ್ತವೆ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕುತೂಹಲಕರವಾದುದು, ಮೆಡಿಟರೇನಿಯನ್ ಕರಾವಳಿಯಲ್ಲೂ ಪೂರ್ವ ಆಫ್ರಿಕಾದ ಪರ್ವತಗಳಲ್ಲೂ ಕಾಣುವ ಎರಿಕಾ ಅರ್ಬೋರಿಯಾ ಎಂಬ ಪೊದೆಗಿಡ, ಎಮಿ ಕೌಸಿಯ 2,500 ಮೀಟರ್‌ಗೂ ಮೇಲಿನ ತಂಪು ಕೊರಕಲುಗಳಲ್ಲಿ ಉಳಿದುಕೊಂಡಿರುವುದು. ಸಾವಿರಾರು ವರ್ಷಗಳ ಹಿಂದೆ ಸಹಾರಾ ಹಸಿರಾಗಿದ್ದಾಗ ಇಲ್ಲಿನ ಜ್ವಾಲಾಮುಖಿ ಕುಳಿಗಳಲ್ಲಿ ಸರೋವರಗಳಿದ್ದವು ಎಂಬುದಕ್ಕೆ ಅವುಗಳ ತಳದ ಕೆಸರಿನ ಪದರಗಳೇ ಸಾಕ್ಷಿ. ಬಿಸಿ ಹಬೆ ಹೊರಬರುವ ಬಿರುಕುಗಳ ಬಳಿ ಪಾಚಿಸಸ್ಯಗಳೂ ಇವೆ (ಮರುಭೂಮಿಯಲ್ಲಿ ಪಾಚಿಯೆಂದರೆ ಹಲವರು ನಂಬಲಾರರು!).

ದೂರ, ದುರ್ಗಮ ಹಾದಿ ಮತ್ತು ಪದೇಪದೇ ಮರುಕಳಿಸಿದ ಸಶಸ್ತ್ರ ಸಂಘರ್ಷಗಳ ಕಾರಣ ಅಧ್ಯಯನ ಕಡಿಮೆಯಾಗಿರುವ ಇಂಥ ಪರ್ವತಗಳ ಬಗ್ಗೆ ತಮ್ಮ ಪತ್ರಿಕೆ ನಕಾಶೆ ಸಹಿತ ವಿಸ್ತೃತ ಲೇಖನವೊಂದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ