ಆರು ಬಿಲ್ಡ್‌ಗಳ ಆ ರಾತ್ರಿಗೆ

ಮೊನ್ನೆ ಫೈನಲ್ ಇವ್ಯಾಲ್ಯುಯೇಶನ್ ಫಲಿತಾಂಶ ಬಂತು. ಪಾಸಾಗಿದ್ದೇನೆ. ಹೊಸಬರು ಮೆಂಟರ್‌ಗಳ ಜೊತೆ ಮುಕ್ತ ತಂತ್ರಾಂಶಗಳಿಗೆ ಕೆಲಸ ಮಾಡುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ, ಲಿಬ್ರೆ ಆಫೀಸ್ ಎಂಬ ಮುಕ್ತ ಆಫೀಸ್ ತಂತ್ರಾಂಶಕ್ಕೆ ಕೋಡ್ ಬರೆಯುತ್ತಿದ್ದೆ. ವಿವರ ನಿಮಗೆಲ್ಲ ಗೊತ್ತಿದೆ, ಮತ್ತೆ ಬರೆಯುವುದಿಲ್ಲ.

ಅಮ್ಮ, ಚಿಕ್ಕಪ್ಪ, ಪ್ರಪೋಸಲ್ ತಿದ್ದಿಕೊಟ್ಟ ಲೆಕ್ಚರರ್, ಇನ್ವರ್ಟರ್ ಇರುವ ತಮ್ಮ ಜಗಲಿಯಲ್ಲಿ ಕೂರಲು ಬಿಟ್ಟ ಪಕ್ಕದ ಮನೆಯವರು, ತಾಳ್ಮೆಯ ಇಬ್ಬರು ಮೆಂಟರ್‌ಗಳು: ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನೊಬ್ಬರಿದ್ದಾರೆ. ಅವರ ಮುಖ ನೋಡಿಲ್ಲ, ಲಿಬ್ರೆ ಆಫೀಸ್‌ನವರು ಮಾತಾಡುವ ಐಆರ್‌ಸಿ ಎಂಬ ಚಾಟ್‌ನ ಚಾನೆಲ್‌ನಲ್ಲಿ ಬಳಸುವ ಅಡ್ಡಹೆಸರಷ್ಟೇ ಗೊತ್ತು. ನನ್ನ ಮೆಂಟರ್ ಕೂಡ ಅಲ್ಲ.

ಮೊದಮೊದಲು ಐಆರ್‌ಸಿ ಚಾನೆಲ್‌ನಲ್ಲಿ ಪ್ರಶ್ನೆ ಹಾಕಿ, ಐದು ನಿಮಿಷ ಕಾದು, ಹೊರಗೆ ಬಂದುಬಿಡುತ್ತಿದ್ದೆ. ನನ್ನ ಇಂಗ್ಲಿಷ್ ನೋಡಿಯೇ ಯಾರೂ ಮಾತಾಡುತ್ತಿಲ್ಲ ಅಂದುಕೊಂಡು ಎರಡು ಸಲ ಅತ್ತಿದ್ದೇನೆ. ಒಂದು ದಿನ ಅವರಿಂದ ಮೇಲ್ ಬಂತು. ನಾನು ಹೊರಟ ನಲವತ್ತು ನಿಮಿಷಕ್ಕೆ ಯಾರೋ ಕೊಟ್ಟಿದ್ದ ಉತ್ತರವನ್ನು ಅದರಲ್ಲಿ ಹಾಕಿ ಕಳಿಸಿದ್ದರು. ಐಆರ್‌ಸಿಯಲ್ಲಿ ನಾವು ಹೊರಗಿದ್ದಾಗ ಆಡಿದ ಮಾತು ನಮಗೆ ತಲುಪುವುದಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಕೆಳಗೆ ಬರೆದಿದ್ದರು: ನನಗೊಬ್ಬನಿಗೇ ಕಳಿಸಬೇಡ, ಎಲ್ಲರೂ ಇರುವಲ್ಲಿ ಕೇಳು, ನಾನು ಮಲಗಿದ್ದಾಗ ಇನ್ನೊಂದು ದೇಶದವರು ಎದ್ದಿರುತ್ತಾರೆ. ಎರರ್‌ನ ಫೋಟೊ ಬೇಡ, ಲಾಗನ್ನೇ, ಅಂದರೆ ಯಂತ್ರ ಬರೆದ ಸಾಲುಗಳನ್ನೇ, ಪೇಸ್ಟ್ ಮಾಡು. ಏನೇನು ಮಾಡಿ ನೋಡಿದೆ ಅಂತಲೂ ಹೇಳು.

ಆಮೇಲೆ ಜುಲೈನ ಆ ರಾತ್ರಿ. ಮಿಡ್‌ಟರ್ಮ್ ಇವ್ಯಾಲ್ಯುಯೇಶನ್‌ಗೆ ಎರಡೇ ದಿನ ಬಾಕಿ. 'ರ‍್ಯಾಂಕ್' ಇರಬೇಕಾದಲ್ಲಿ 'ರ್ಯಾಂಕ್' ಅಂತ ಅರ್ಕಾವತ್ತು ಮೂಡುತ್ತಿತ್ತು. ನನ್ನದೇ 64 ಕಮಿಟ್‌ಗಳಲ್ಲಿ (ದಾಖಲಿಸಿಟ್ಟ ಕೋಡ್ ಬದಲಾವಣೆಗಳಲ್ಲಿ) ಯಾವುದೋ ಒಂದು, ರಕಾರದ ಪಕ್ಕ ಇರುವ ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಜೆಯನ್ನು (ಝೀರೋ ವಿಡ್ತ್ ಜಾಯ್ನರ್, ಅಕ್ಷರಗಳು ಹೇಗೆ ಕೂಡಬೇಕೆಂದು ಹೇಳುವ ಸಂಕೇತ) ನುಂಗಿಹಾಕಿತ್ತು. ಹಳೇ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಬಿಲ್ಡ್‌ಗೆ, ಅಂದರೆ ಕೋಡ್‌ನಿಂದ ಓಡುವ ತಂತ್ರಾಂಶ ಕಟ್ಟುವುದಕ್ಕೆ, ಏಳೆಂಟು ಗಂಟೆ ಬೇಕು. ತೀರ್ಥಹಳ್ಳಿಯ ಮಳೆಗೆ ಕರೆಂಟ್ ಹೋಗಿ ಅದೂ ಅರ್ಧಕ್ಕೇ ನಿಂತಿತ್ತು. ನನ್ನ ಕೈಲಾಗದು, ಬಿಟ್ಟುಬಿಡುತ್ತೇನೆ ಎಂದು ಮೊಬೈಲಿನಿಂದ ಬರೆದೆ. ಮನೆಯಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ. ಇವತ್ತಿಗೂ ಅಮ್ಮನಿಗೆ ಗೊತ್ತಿಲ್ಲ, ಇದನ್ನು ಓದಿಯೇ ಗೊತ್ತಾಗಬೇಕು.

"ಬಿಡುವ ವಿಷಯ ನಾಳೆ ನೋಡೋಣ. ಬ್ರಾಂಚ್ ಎಲ್ಲಿದೆ?" ಅಂದರು ಅವರು. ಬ್ರಾಂಚ್ ಅಂದರೆ ನನ್ನ ಬದಲಾವಣೆಗಳಿರುವ ಕೋಡ್‌ನ ಕವಲು.

ತಪ್ಪು ತಂದ ಕಮಿಟ್ ಹುಡುಕಿಕೊಡುವ ಗಿಟ್ ಬೈಸೆಕ್ಟ್ ಎಂಬ ಸಾಧನ ಪ್ರತಿ ಸಲವೂ ಅರ್ಧ ಭಾಗವನ್ನು ಕಳೆಯುತ್ತ ಹೋಗುತ್ತದೆ. 64 ಕಮಿಟ್‌ಗೆ ಆರೇ ಬಿಲ್ಡ್ ಸಾಕು. ಆರನ್ನೂ ತಮ್ಮ ಯಂತ್ರದಲ್ಲಿ ಓಡಿಸಿದರು. ಕನ್ನಡ ಓದಲು ಬಾರದು ಅವರಿಗೆ. ಒಂದೊಂದು ಬಿಲ್ಡ್ ಮುಗಿದಾಗಲೂ ಪರದೆಯ ಚಿತ್ರ ಕಳಿಸುವರು, ನಾನು ಗುಡ್, ಬ್ಯಾಡ್ ಅನ್ನುತ್ತಿದ್ದೆ. ಮೂರನೆಯದರ ಹೊತ್ತಿಗೆ, ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದರು. ಅಲ್ಲಿಂದ ಮುಂದೆ 'ಸರಿ', 'ತಪ್ಪು' ಎಂದೇ ನಡೆಯಿತು. ನಾಲ್ಕು ಗಂಟೆಗೆ ಕಮಿಟ್ ಸಿಕ್ಕಿತು. ಅವರಲ್ಲೂ ಮಧ್ಯರಾತ್ರಿ ದಾಟಿತ್ತು. ತಪ್ಪು ಯಾವ ಸಾಲಿನಲ್ಲಿದೆ ಎಂದು ಅವರಿಗೆ ಆಗಲೇ ಕಂಡಿತ್ತು ಅನ್ನಿಸುತ್ತದೆ. ಹೇಳಲಿಲ್ಲ. ಹುಡುಕಿ ತಿದ್ದುವುದನ್ನು ನನಗೇ ಬಿಟ್ಟರು. ಆ ರಾತ್ರಿ ಪೂರ್ತಿ ಜೊತೆಗಿದ್ದದ್ದಕ್ಕಿಂತ ಇದಕ್ಕೇ ನಾನು ಹೆಚ್ಚು ಋಣಿ.

ಈಗ ನಾನೂ ರಾತ್ರಿ ಹೊತ್ತು ಚಾನೆಲ್‌ನಲ್ಲಿರುತ್ತೇನೆ. ಕಾಲೇಜಿನ ಜೂನಿಯರ್‌ಗಳೇ, ಪ್ರಶ್ನೆ ಹಾಕಿ ಹೊರಡಬೇಡಿ, ಕಾಯಿರಿ.

ಕೊನೆಯ ಪ್ಯಾಚ್ (ತಿದ್ದುಪಡಿ) ಮರ್ಜ್ ಆಗಿ ಮುಖ್ಯ ಕೋಡ್‌ಗೆ ಸೇರಿದ ದಿನ, ಕೋಡ್ ಪರಿಶೀಲಿಸುವ ತಾಣವಾದ ಗೆರಿಟ್‌ನಲ್ಲಿ ಅವರದೊಂದು ಕಾಮೆಂಟ್ ಇತ್ತು. ಕನ್ನಡ ಲಿಪಿಯಲ್ಲೇ, ಒಂದೇ ಪದ: ಸರಿ.