ಈ ವರ್ಷ ಜೂನ್ 5ಕ್ಕೆ ಸಸಿ ನೆಡುವುದಿಲ್ಲ: ಪೋಷಕರಿಗೆ ಪತ್ರ

ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ
ಮೇ ಕೊನೆಯ ವಾರ

ಮಾನ್ಯ ಪೋಷಕರೇ, ನಮಸ್ಕಾರ.

ಪಠ್ಯಪುಸ್ತಕ, ಸಮವಸ್ತ್ರ, ಬಸ್ ಪಾಸಿನ ವಿಚಾರವನ್ನು ತರಗತಿ ಶಿಕ್ಷಕರು ಬೇರೆ ಚೀಟಿಯಲ್ಲಿ ಕಳಿಸುತ್ತಾರೆ. ಈ ಪತ್ರ ಮಳೆಯ ಲೆಕ್ಕದ ಬಗ್ಗೆ. ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಈ ವರ್ಷ ಪೂರ್ತಿ ಒಂದು ‘ಮಳೆ ಪುಸ್ತಕ’ ಬರೆಯುತ್ತಾರೆ. ಅದಕ್ಕೆ ನಿಮ್ಮ ಮನೆಯ ಅಂಗಳ ಬೇಕು, ಮನೆಯ ಹಿರಿಯರ ನೆನಪೂ ಬೇಕು.

ಮೊದಲು ಸಸಿಯ ಮಾತು. ಜೂನ್ 5 ವಿಶ್ವ ಪರಿಸರ ದಿನ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾದ ದಿನ ಅದು. ನಮ್ಮ ಮಳೆಯನ್ನು ಕೇಳಿ ಯಾರೂ ಆ ತಾರೀಖು ಇಟ್ಟದ್ದಲ್ಲ. ಮಲೆನಾಡಿಗೆ ಹೊಂದುತ್ತದೆ, ಕರಾವಳಿಗೆ ಹೊಂದುತ್ತದೆ, ಬಯಲುಸೀಮೆಯ ಈ ಮೂಲೆಗೆ ಹೊಂದುವುದಿಲ್ಲ. ಮುಂಗಾರು ಮೋಡ ಘಟ್ಟದ ಆಚೆಯೇ ಬಹುಪಾಲು ನೀರು ಸುರಿದು ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಜೂನ್, ಜುಲೈನಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಗಾಳಿ; ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಿರುಸಾಗಿ ತಿರುಗುವ ತಿಂಗಳುಗಳು ಇವೇ. ಎಳೆ ಸಸಿಯ ಎಲೆಯಿಂದಲೂ ಗುಂಡಿಯ ಮಣ್ಣಿನಿಂದಲೂ ಆ ಗಾಳಿ ತೇವ ಎಳೆದುಕೊಳ್ಳುತ್ತದೆ. ತಾಲ್ಲೂಕಿಗೆ ಹದವಾದ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಸೂರ್ಯ ಇರುವ ನಕ್ಷತ್ರದ ಹೆಸರಿನಿಂದ ಮಳೆಯನ್ನು ಕರೆಯುವ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತೆ.

ಆದ್ದರಿಂದ ಗುಂಡಿ ಈಗ, ಸಸಿ ಆಗ. ಒಂದೂವರೆ ಅಡಿ ಉದ್ದ, ಅಗಲ, ಆಳದ 12 ಗುಂಡಿ ಈಗಲೇ ತೆಗೆದು ಬಿಸಿಲಿಗೆ ಬಿಡುತ್ತೇವೆ. ಮೇಲ್ಮಣ್ಣು ಒಂದು ಕಡೆ, ಕೆಳಗಿನ ಗಡಸು ಮಣ್ಣು ಇನ್ನೊಂದು ಕಡೆ. ತುಂಬುವಾಗ ಮೇಲ್ಮಣ್ಣಿಗೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ಅಡಿಗೆ ಹಾಕಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲು ಕರೆದಂತೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರಾಕಾರದ ಬದು. ಪ್ಲಾಸ್ಟಿಕ್ ಚೀಲದ ತಳದಲ್ಲಿ ಸುತ್ತಿಕೊಂಡ ಬೇರನ್ನು ಬ್ಲೇಡಿನಿಂದ ಕತ್ತರಿಸಿಯೇ ನೆಡಬೇಕು. ಹಾಗೇ ನೆಟ್ಟರೆ ಬೇರು ಸುತ್ತುತ್ತಲೇ ಇರುತ್ತದೆ, ಕೆಳಗೆ ಇಳಿಯುವುದಿಲ್ಲ. ಬೇವು, ಹೊಂಗೆ, ಹುಣಸೆ, ಕಮರ, ಈ ನಾಲ್ಕೇ ಜಾತಿ. ಹನ್ನೆರಡೇ ಯಾಕೆ ಎಂದು ಕೇಳಬಹುದು. ಜನವರಿಯಿಂದ ಮೇ ತನಕ ಗಿಡಕ್ಕೆ ವಾರಕ್ಕೊಂದು ಕೊಡ ನೀರು ಹೊರಬೇಕು. ಹನ್ನೆರಡು ಕೊಡ ಹೊರಬಹುದು, ಇನ್ನೂರು ಕೊಡ ಆಗುವುದಿಲ್ಲ. ಕಾವಲಿನ, ಅಂದರೆ ದನ ಮೇಯಲು ಬಿಟ್ಟ ಜಾಗದ, ಹುಲ್ಲುಗಾವಲಲ್ಲಿ ಒಂದು ಸಸಿಯನ್ನೂ ನೆಡುವುದಿಲ್ಲ. ಅಮೃತಮಹಲ್ ಕಾವಲು ‘ಖಾಲಿ ಜಾಗ’ ಅಲ್ಲ. ಅಲ್ಲಿನ ಹುಲ್ಲು ತನ್ನ ಇಂಗಾಲದ ಬಹುಪಾಲನ್ನು ಬೇರಿನಲ್ಲಿ, ಮಣ್ಣಿನಲ್ಲಿ ಕೂಡಿಡುತ್ತದೆ. ಕೃಷ್ಣಮೃಗಕ್ಕೂ ಹಟ್ಟಿಗಳ ದೇವರ ದನಕ್ಕೂ ಬೇಕಾದದ್ದು ಆ ಹುಲ್ಲೇ.

ಇನ್ನು ಮಳೆ ಅಳೆಯುವುದು. ಪ್ರತಿ ಮನೆಯಲ್ಲೂ ಒಂದು ಮಾಪಕ ಇರಬೇಕು. ಮೂವತ್ತು, ನಲವತ್ತು ರೂಪಾಯಿಯ ಲಾಳಿಕೆ, ಒಂದು ಲೀಟರಿನ ಖಾಲಿ ಬಾಟಲಿ, ಔಷಧಿ ಅಂಗಡಿಯ 20 ಮಿಲಿಲೀಟರ್ ಸಿರಿಂಜ್ ಸಾಕು. ಸೂಜಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಲಾಳಿಕೆಯ ಬಾಯಿ ಒಳಗಿನಿಂದ ಒಳಕ್ಕೆ ಸರಿಯಾಗಿ 10 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಅಂದರೆ ಬಾಟಲಿಗೆ ಇಳಿದ ಪ್ರತಿ 7.85 ಮಿಲಿಲೀಟರ್ ನೀರು 1 ಮಿಲಿಮೀಟರ್ ಮಳೆ. ಒಂದು ಸಿರಿಂಜ್ ಭರ್ತಿ ಬಂದರೆ ಸುಮಾರು ಎರಡೂವರೆ ಮಿಲಿಮೀಟರ್. ಹವಾಮಾನ ಇಲಾಖೆ ‘ಮಳೆ ದಿನ’ ಎಂದು ಲೆಕ್ಕಕ್ಕೆ ಹಿಡಿಯುವುದೂ ಎರಡೂವರೆ ಮಿಲಿಮೀಟರಿನಿಂದಲೇ. ಲಾಳಿಕೆ ಬೇರೆ ಅಳತೆಯದಾದರೆ ವ್ಯಾಸವನ್ನು ವ್ಯಾಸದಿಂದ ಗುಣಿಸಿ, ಅದನ್ನು 0.0785ರಿಂದ ಗುಣಿಸಿ. 12 ಸೆಂಟಿಮೀಟರಿನದಕ್ಕೆ 11.3 ಬರುತ್ತದೆ, ಅಂದರೆ 11.3 ಮಿಲಿಲೀಟರಿಗೆ 1 ಮಿಲಿಮೀಟರ್ ಮಳೆ. ವ್ಯಾಸದಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಮಳೆಯ ಲೆಕ್ಕ ನೂರಕ್ಕೆ ಹತ್ತು ತಪ್ಪುತ್ತದೆ. ಹಾಗಾಗಿ ಲಾಳಿಕೆಗಳನ್ನು ಶಾಲೆಗೆ ಕಳಿಸಿ, ಗಣಿತದ ಪೀರಿಯಡ್ಡಿನಲ್ಲಿ ಅಳೆದು ಅದರ ಮೇಲೇ ಸಂಖ್ಯೆ ಬರೆದು ಕೊಡುತ್ತೇವೆ.

ಕೆಲಸ ಕೆಡುವುದು ಹೆಚ್ಚಾಗಿ ಇಡುವ ಜಾಗದಲ್ಲಿ. ಸೂರಿನ ಕೆಳಗೆ, ಬೇವಿನ ಮರದ ಅಡಿ, ಮಾಳಿಗೆಯ ಅಂಚು, ಮೂರೂ ಬೇಡ. ಮರದಿಂದ, ಗೋಡೆಯಿಂದ ಅವುಗಳ ಎತ್ತರದ ಎರಡರಷ್ಟು ದೂರ ಇರಬೇಕು. ಅಷ್ಟು ಬಯಲು ಸಿಗದ ಓಣಿಯವರು ಪಕ್ಕದ ಓಣಿಯವರೊಂದಿಗೆ ಸೇರಿಕೊಳ್ಳಿ. ಲಾಳಿಕೆಯ ಬಾಯಿ ನೆಲದಿಂದ ಕನಿಷ್ಠ ಒಂದು ಅಡಿ ಮೇಲಿರಲಿ, ಇಲ್ಲವಾದರೆ ನೆಲದ ಹನಿ ಚಿಮ್ಮಿ ಒಳಗೆ ಬೀಳುತ್ತದೆ. ಬಾಟಲಿಯನ್ನು ಮೂರು ಇಟ್ಟಿಗೆಯ ನಡುವೆ ನೆಟ್ಟಗೆ ಕೂರಿಸಿ. ಲಾಳಿಕೆಯ ಕೊಳವೆಗೆ ಸಣ್ಣ ಬಲೆಯ ಚೂರು ಇಟ್ಟರೆ ಎಲೆ, ಇರುವೆ ಇಳಿಯುವುದಿಲ್ಲ. ಅಳತೆ ಬೆಳಿಗ್ಗೆ 8:30ಕ್ಕೆ, ಯಾಕೆಂದರೆ ಹವಾಮಾನ ಇಲಾಖೆಯ ದಿನವೂ ಅಲ್ಲಿಂದ ಅಲ್ಲಿಗೇ. ಅಳೆದ ಮೇಲೆ ನೀರು ಚೆಲ್ಲಿಬಿಡಿ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಒಂದು ವಾರ, ಹತ್ತು ದಿನದಲ್ಲಿ ತಯಾರು.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಅಳೆಯದ ದಿನಕ್ಕೆ ಸೊನ್ನೆ ಬರೆಯಬಾರದು, ಅಡ್ಡಗೆರೆ ಎಳೆಯಬೇಕು. ಸೊನ್ನೆ ಎಂದರೆ ‘ನೋಡಿದೆ, ಮಳೆ ಇಲ್ಲ’. ಗೆರೆ ಎಂದರೆ ‘ನೋಡಲಿಲ್ಲ’. ದಸರಾ ರಜೆ ಹಸ್ತ, ಚಿತ್ತೆಯ ನಡುವೆ ಬರುತ್ತದೆ, ವರ್ಷದ ದೊಡ್ಡ ಮಳೆಗಳು ಬೀಳುವ ಹೊತ್ತಿಗೇ. ಮಕ್ಕಳು ಅಜ್ಜಿಯ ಊರಿಗೆ ಹೋದರೆ ಮನೆಯಲ್ಲಿ ಉಳಿದವರು ಅಳೆಯಬೇಕಾಗುತ್ತದೆ. ಸಿರಿಂಜ್ ಹಿಡಿಯುವುದನ್ನು ಈಗಲೇ ಕಲಿತಿಟ್ಟುಕೊಳ್ಳಿ.

ಈ ಸಂಖ್ಯೆಯ ಪಕ್ಕದಲ್ಲೇ ಹಿರಿಯರ ಮಾತು ಬರುತ್ತದೆ. ಪುಸ್ತಕದ ಎಡಪುಟದಲ್ಲಿ ತಾರೀಖು, ಮಿಲಿಮೀಟರ್. ಬಲಪುಟದಲ್ಲಿ ನಡೆಯುತ್ತಿರುವ ಮಳೆಯ ಹೆಸರು ಮತ್ತು ಮನೆಯಲ್ಲಿ ಅದರ ಬಗ್ಗೆ ಹೇಳುವ ಗಾದೆ, ಗಾಳಿಯ ದಿಕ್ಕು, ಗೆದ್ದಲು ರೆಕ್ಕೆ ಬಿಟ್ಟು ಎದ್ದದ್ದು, ಹುಣಸೆ ಹೂ ಬಿಟ್ಟದ್ದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು’, ಇಂಥವು ನಿಮಗೆಲ್ಲ ಗೊತ್ತು. ಆಗಸ್ಟ್ ನಡುವಿನ ಮಘೆಯಲ್ಲಿ ಶೇಂಗಾ ಊಡು (ಹೂವಿನಿಂದ ನೆಲದೊಳಕ್ಕೆ ಇಳಿಯುವ ಎಳೆ) ಇಳಿಸುವ, ಕಾಯಿ ಕಟ್ಟುವ ಹಂತದಲ್ಲಿರುತ್ತದೆ. ನೆಲ ಗಟ್ಟಿಯಾಗಿದ್ದರೆ ಊಡು ಒಳಗೆ ಹೋಗುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಶೇಂಗಾ ಬೆಳೆಯುವವನಿಗೆ ಆ ಗಾದೆ ಬರೀ ಪ್ರಾಸ ಅಲ್ಲ.

ಹಿರಿಯರ ಲೆಕ್ಕವನ್ನು ಪೂಜೆಗಿಡುವುದೂ ಬೇಡ, ತಳ್ಳಿಹಾಕುವುದೂ ಬೇಡ. ಅಳೆದು ನೋಡೋಣ ಎಂಬುದು ನಮ್ಮ ನಿಲುವು. ಸೂರ್ಯ ಒಂದು ನಕ್ಷತ್ರದಲ್ಲಿ ಇರುವುದು ಹದಿಮೂರೂವರೆ ದಿನ. ಆದರೆ ಭೂಮಿಯ ಅಕ್ಷ ನಿಧಾನಕ್ಕೆ ತೂಗುವುದರಿಂದ ನಕ್ಷತ್ರದ ಲೆಕ್ಕವೂ ಋತುವಿನ ಲೆಕ್ಕವೂ ಸುಮಾರು 72 ವರ್ಷಕ್ಕೆ ಒಂದು ದಿನ ದೂರ ಸರಿಯುತ್ತವೆ. ಸಾವಿರ ವರ್ಷಕ್ಕೆ ಒಂದು ಇಡೀ ಮಳೆಯಷ್ಟು ಸರಿದಂತಾಯಿತು. ಗಾದೆ ಎಷ್ಟು ಹಳೆಯದೋ ಅಷ್ಟು ಜಾಗ ಬದಲಿಸಿದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಇದರ ಮೇಲೆ ಈಗ ಬೇರೊಂದು ಬದಲಾವಣೆ ಸೇರಿದೆ, ಅದು ಮನುಷ್ಯರದ್ದೇ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280ರಷ್ಟಿದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಹಿಡಿದದ್ದನ್ನು ಒಮ್ಮೆಗೇ ಸುರಿಸುತ್ತದೆ. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಮಳೆ ದಿನಗಳು ಕಡಿಮೆಯಾಗಿ, ನಡುವಿನ ಒಣದಿನಗಳು ಉದ್ದವಾಗಬಹುದು. ರೈತನನ್ನು ಕೊಲ್ಲುವುದು ಆ ನಡುವಿನ ಅಂತರ. ಅದಕ್ಕೇ ಮಕ್ಕಳು ಒಟ್ಟು ಮಿಲಿಮೀಟರಿಗಿಂತ ಒಣದಿನಗಳ ಸಾಲನ್ನು ಎಣಿಸಬೇಕು ಎಂದು ಹೇಳಿದ್ದೇವೆ.

ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕ ಇದೆಯಲ್ಲ, ನಮ್ಮದು ಯಾಕೆ ಎಂದರೆ, ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ನೆನೆಯದ ಮಳೆ ನಮ್ಮದು. ಎರಡು ಹಟ್ಟಿಗಳ ನಡುವಿನ ವ್ಯತ್ಯಾಸ ಆ ಒಂದು ಮಾಪಕಕ್ಕೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಎರಡನ್ನೂ ಹೋಲಿಸುತ್ತೇವೆ.

ಮಳೆ ಪುಸ್ತಕದ ಜೊತೆಗೆ ಶಾಲೆಯ ಹಿತ್ತಲಲ್ಲಿ ಎರಡು ಮಡಿ. ಎರಡೂ 5 ಮೀಟರ್ ಉದ್ದ, ಸುಮಾರು 3 ಮೀಟರ್ ಅಗಲ, ಒಂದು ಅಡಿಗೊಂದರಂತೆ ಒಂಬತ್ತು ಸಾಲು. ಒಂದರಲ್ಲಿ ಒಂಬತ್ತೂ ಶೇಂಗಾ. ಇನ್ನೊಂದರಲ್ಲಿ ನಾಲ್ಕು ಸಾಲು ಶೇಂಗಾ, ನಡುವೆ ಒಂದು ಅಕ್ಕಡಿ ಸಾಲು (ಬೇರೆ ಬೆಳೆಗಳ ಮಿಶ್ರ ಸಾಲು), ಮತ್ತೆ ನಾಲ್ಕು ಶೇಂಗಾ. ಅಕ್ಕಡಿ ಸಾಲಿನಲ್ಲಿ ಒಂದೂವರೆ ಅಡಿಗೊಂದು ತೊಗರಿ, ನಡುನಡುವೆ ಅಲಸಂದೆ, ಎರಡು ತುದಿಗೂ ಹರಳು. ಬೀಜದಿಂದ ಬೀಜಕ್ಕೆ 10 ಸೆಂಟಿಮೀಟರಿನಂತೆ ಎರಡೂ ಮಡಿಗೆ 850 ಶೇಂಗಾ ಬೀಜ ಬೇಕು, ತೂಕದಲ್ಲಿ 300 ಗ್ರಾಂ ಆಸುಪಾಸು. ಶೇಂಗಾದ ಬೇರು ಮೇಲೆ, ತೊಗರಿಯದು ಆಳ. ಶೇಂಗಾ ನಾಲ್ಕು ತಿಂಗಳಿಗೆ ಮುಗಿದರೆ ತೊಗರಿ ಇನ್ನೂ ಒಂದೂವರೆ, ಎರಡು ತಿಂಗಳು ನಿಂತು ಹಿಂಗಾರಿನ ನೀರು ಕುಡಿಯುತ್ತದೆ. ಒಂದು ಮಳೆ ಕೈಕೊಟ್ಟರೆ ಒಂದು ಬೆಳೆ ಹೋಗುತ್ತದೆ, ಎರಡೂ ಹೋಗುವುದು ಕಷ್ಟ. ಅಕ್ಕಡಿ ಹೆಚ್ಚಾದರೆ ನೆರಳು ಬಿದ್ದು ಶೇಂಗಾ ಸೊರಗುತ್ತದೆ, ಹಾಗಾಗಿ ಎಂಟಕ್ಕೆ ಒಂದು. ಅಂದಹಾಗೆ ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ನವಣೆ, ಸಜ್ಜೆಯ ನಡುವೆ ಹಾಕುತ್ತಿದ್ದ ಅಕ್ಕಡಿಗೆ ಈ ಹೊಸಬನನ್ನು ಹೊಂದಿಸಿಕೊಂಡವರು ನಿಮ್ಮ ಹಿರಿಯರೇ. ಒಂದು ವರ್ಷದ ಎರಡು ಮಡಿಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳುತ್ತೇವೆ. ಮೂರು ವರ್ಷ ಮಾಡಬೇಕು, ನಿಮ್ಮ ಹೊಲಗಳಲ್ಲೂ ಒಂದು ಮೂಲೆ ಸಿಕ್ಕರೆ ಒಳ್ಳೆಯದು.

ಬೀಜ ಮನೆಯದೇ ಕಳಿಸಿ, ಒಂದೊಂದು ಹಿಡಿ ಸಾಕು. ಅಂಗಡಿಯ ಬಣ್ಣ ಹಚ್ಚಿದ ಬೀಜ ಬೇಡವೇ ಬೇಡ. ಆ ಬಣ್ಣ ಇರುವುದು ಅದಕ್ಕೆ ಔಷಧಿ ಹಚ್ಚಿದೆ ಎಂದು ಎಚ್ಚರಿಸಲು. ತೊಗರಿ, ಅಲಸಂದೆಗೆ ಬೂದಿ ಬೆರೆಸಿಟ್ಟಿದ್ದರೆ ಹಾಗೇ ಕಳಿಸಿ. ಬೇವಿನ ಎಲೆ ಮಾತ್ರ ಹಾಕಿಟ್ಟಿದ್ದರೆ ಒಮ್ಮೆ ನೋಡಿ: ನುಸಿ ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತದೆ, ಎಲೆಯ ವಾಸನೆಗೆ ಆ ಮೊಟ್ಟೆ ಸಾಯುವುದಿಲ್ಲ. ಶಾಲೆಯಲ್ಲಿ ಒದ್ದೆ ಗೋಣಿಯಲ್ಲಿ ನೂರು ಬೀಜ ಸುತ್ತಿಟ್ಟು ವಾರದ ಮೇಲೆ ಮೊಳಕೆ ಎಣಿಸುತ್ತೇವೆ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಬಿತ್ತುವುದಿಲ್ಲ.

ನೀರಿನ ವಿಷಯ ಆರೋಗ್ಯಕ್ಕೆ ನೇರ ಸಂಬಂಧಿಸಿದ್ದು, ದಯವಿಟ್ಟು ಗಮನವಿಟ್ಟು ಓದಿ. ನಮ್ಮ ಜಿಲ್ಲೆಯ ಅನೇಕ ಬೋರ್‌ವೆಲ್‌ಗಳಲ್ಲಿ, ಪಕ್ಕದ ಜಗಳೂರಿನಲ್ಲೂ, ಫ್ಲೋರೈಡ್ ಹೆಚ್ಚು. ಅದು ಬರುವುದು ಬಂಡೆಯಿಂದಲೇ. ಬೋರ್ ಆಳಕ್ಕೆ ಹೋದಷ್ಟೂ ಬಂಡೆಯೊಡನೆ ಹೆಚ್ಚು ಕಾಲ ಕಳೆದ ನೀರು ಮೇಲೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5 ಮಿತಿ. ರುಚಿಯಲ್ಲಿ, ಬಣ್ಣದಲ್ಲಿ ತಿಳಿಯುವುದಿಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ಬರಬೇಕಾದ ಹಲ್ಲು ಒಸಡಿನೊಳಗೇ ಕಲೆಯಾಗುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಡಿಕಾಕ್ಷನ್ ಚಹಾದಲ್ಲೂ ಫ್ಲೋರೈಡ್ ಇರುವುದರಿಂದ ಚಿಕ್ಕ ಮಕ್ಕಳಿಗೆ ಅದು ಬೇಡ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 2 ಮಿಲಿಗ್ರಾಂ ಇರುವ ಬೋರ್ ನೀರಿಗೆ ಅಷ್ಟೇ ಮಳೆನೀರು ಬೆರೆಸಿದರೆ 1ಕ್ಕೆ ಇಳಿಯುತ್ತದೆ. ಸಾವಿರ ಚದರ ಅಡಿ ಆರ್‌ಸಿಸಿ ಮಾಳಿಗೆ ಅಂದರೆ 93 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ 930 ಲೀಟರ್ ಬಿದ್ದು, ಸೋರಿಕೆ, ಆವಿ ಕಳೆದು 750 ಲೀಟರಿನಷ್ಟು ಕೈಗೆ ಸಿಗುತ್ತದೆ. ಮೊದಲ ಒಂದೆರಡು ಮಿಲಿಮೀಟರ್, ಅಂದರೆ ನೂರರಿಂದ ಇನ್ನೂರು ಲೀಟರ್, ಹೊರಗೆ ಬಿಡಬೇಕು. ಪಾರಿವಾಳದ ಹಿಕ್ಕೆ, ಧೂಳು ಎಲ್ಲ ಅದರಲ್ಲೇ. ಕಲ್ನಾರು ಶೀಟಿನ ಮನೆಯ ನೀರು ಕುಡಿಯಲು ಬೇಡ. ತೊಟ್ಟಿಗೆ ಬೆಳಕು ಬೀಳಬಾರದು, ಬಾಯಿಗೆ ಬಲೆ ಕಟ್ಟಿರಬೇಕು. ಕುಡಿಯುವ ಮೊದಲು ಕಾಯಿಸಿ ಆರಿಸಿ. ಕಾಯಿಸುವುದು ಇಲ್ಲಿ ರೋಗಾಣುವಿಗಾಗಿ. ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ನೀರು ಇಳಿಯುವಂತೆ ಮಾಡಿದ್ದನ್ನು ಪ್ರವಾಸದ ದಿನ ಮಕ್ಕಳಿಗೆ ತೋರಿಸುತ್ತೇವೆ. ಈ ಸಲ ಬರೀ ಒನಕೆ ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು ಬರುವ ಪ್ರವಾಸ ಅಲ್ಲ.

ನಿಮ್ಮ ಮನೆಗೆ ಬರುವ ನೀರಿನ ಮಾದರಿ ಕಳಿಸಿ. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜು ಬೇಡ. ಕೈಪಂಪನ್ನು ಕೆಲವು ನಿಮಿಷ ಹೊಡೆದು, ಅದೇ ನೀರಲ್ಲಿ ಬಾಟಲಿ ಮೂರು ಸಲ ತೊಳೆದು, ಕತ್ತಿನ ತನಕ ತುಂಬಿ. ಪಂಚಾಯಿತಿಯ ಪರೀಕ್ಷಾ ಕಿಟ್ಟಿನಲ್ಲಿ ಬಣ್ಣ ಗುಲಾಬಿಯಿಂದ ಹಳದಿಯತ್ತ ಹೋದಷ್ಟೂ ಫ್ಲೋರೈಡ್ ಹೆಚ್ಚು. ಕಿಟ್ ಅಂದಾಜು ಹೇಳುತ್ತದೆ ಅಷ್ಟೇ. ಹೆಚ್ಚು ತೋರಿಸಿದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಫಲಿತಾಂಶವನ್ನು ಆಯಾ ಮನೆಗೇ ತಿಳಿಸುತ್ತೇವೆ, ಗೋಡೆಗೆ ಅಂಟಿಸುವುದಿಲ್ಲ.

ಹಿರಿಯರಿಂದ ಕೇಳಿ ಬರೆದ ಮಾತಿನ ಕೆಳಗೆ ಹೇಳಿದವರ ಹೆಸರು, ಹಟ್ಟಿಯ ಹೆಸರು ಇರುತ್ತದೆ, ಅವರು ಒಪ್ಪಿದರೆ ಮಾತ್ರ. ಮ್ಯಾಸಬೇಡರ, ಕಾಡುಗೊಲ್ಲರ ಹಟ್ಟಿಗಳಲ್ಲಿ ದೇವರ ದನ, ಗುಡಿಕಟ್ಟಿನ ವಿಷಯದಲ್ಲಿ ಹೊರಗೆ ಹೇಳಬಾರದ ಮಾತುಗಳಿದ್ದರೆ ಮಕ್ಕಳು ಕೇಳುವುದಿಲ್ಲ. ಹುಲ್ಲಿನ ಹೆಸರು, ಯಾವ ತಿಂಗಳಲ್ಲಿ ಯಾವ ಕಡೆ ಮೇಯಿಸುತ್ತೀರಿ ಎಂಬುದಷ್ಟು ಸಾಕು, ಅದೇ ದೊಡ್ಡ ಪಾಠ. ನಾಟಿ ಔಷಧಿಯನ್ನು ಬೇಕೆಂದೇ ಹೊರಗಿಟ್ಟಿದ್ದೇವೆ. ಪ್ರಮಾಣ ತಿಳಿಯದ ಮಕ್ಕಳು ಸೊಪ್ಪು ಗುರುತಿಸಿ ತಿಂದು ನೋಡುವ ಅಪಾಯ ನಮಗೆ ಬೇಡ.

ಮೃಗಶಿರ ಜೂನ್ 8ರ ಸುಮಾರಿಗೆ ಕೂಡುತ್ತದೆ. ಅದರೊಳಗೆ ಲಾಳಿಕೆ, ಬೀಜ, ನೀರಿನ ಬಾಟಲಿ ಮೂರೂ ಶಾಲೆಗೆ ಬರಲಿ. ಬಾಟಲಿಯ ಮೇಲೆ ಮಗುವಿನ ಹೆಸರು, ತರಗತಿ, ನೀರು ಹಿಡಿದ ತಾರೀಖು, ಯಾವ ಬೋರಿನದು ಎಂಬುದನ್ನು ಬರೆಯಿರಿ. ಮುಚ್ಚಳದ ಮೇಲೆ ಬರೆಯಬೇಡಿ, ಮುಚ್ಚಳಗಳು ಅದಲುಬದಲಾಗುತ್ತವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು